ಎದ್ದು ಹೋಗುವ ಕಾಫಿ

"ರಾತ್ರಿ ಹೊತ್ತು ಟೂರಿಸ್ಟುಗಳನ್ನ ಕಟ್ಕೊಂಡು ಊರು ಸುತ್ತೋಕೆ ನಿನ್ನ ಬಿಟ್ರೆ ಮೊಹಲ್ಲಾ ಏನನ್ನುತ್ತೆ?" ಎಂದು ರಾಸಿಮ್ ಕೇಳಿದ.

ಕೇಳಿದ್ದು ಮಗಳನ್ನು, ನೋಡಿದ್ದು ನನ್ನ ಕಡೆ. ಸಾರಾಯೆವೊದ ಈ ಏರುಗಲ್ಲಿಯಲ್ಲಿ ಮೊಹಲ್ಲಾ ಎಂದರೆ ಮುಕ್ಕಾಲು ಪಾಲು ನಾನೇ, ಎದುರು ಮನೆಯ ಮುನಿರಾ. ಗಂಡ ತೀರಿಕೊಂಡ ಮೇಲೆ ನಾನು ನನ್ನ ಒಲೆ ಹಚ್ಚಿದ್ದಕ್ಕಿಂತ ಅವರ ಒಲೆಯ ಮುಂದೆ ಕೂತದ್ದೇ ಹೆಚ್ಚು. ಅವತ್ತು ಇಡೀ ಈರುಳ್ಳಿಯೊಳಗೆ ಖೈಮಾ ತುಂಬಿ ಬೇಯಿಸಿದ್ದರು. ನನ್ನ ಬಾಯಿ ತುಂಬಿದ್ದರಿಂದ ಮೊಹಲ್ಲಾ ಏನೂ ಅನ್ನಲಿಲ್ಲ.

"ಬಂದವರು ರಾತ್ರಿ ಏನ್ ಮಾಡ್ಬೇಕಪ್ಪ ಮತ್ತೆ?" ಎಂದಳು ಮಗಳು ಮೆರ್ಸಿಹಾ. "ಮೇಲಿನ ರೂಮಲ್ಲಿ ಕೂತು ಗೋಡೆ ನೋಡ್ಬೇಕಾ?"

"ನಿದ್ದೆ ಮಾಡ್ಲಿ. ರಾತ್ರಿ ಇರೋದೇ ಅದಕ್ಕೆ."

"ನಿದ್ದೆ ಅವರ ಊರಲ್ಲೇ ಸಿಗುತ್ತೆ. ಅದಕ್ಕೆ ವಿಮಾನದ ಟಿಕೆಟ್ ತಗೊಂಡು ಇಲ್ಲಿಗೆ ಬರ್ಬೇಕಾಗಿಲ್ಲ."

ಮೆರ್ಸಿಹಾ ಮದುವೆ ಮುರಿದುಕೊಂಡು ತವರಿಗೆ ಬಂದು ಎರಡು ವರ್ಷವಾಗಿತ್ತು. ಗಂಡ ಹೊಡೆಯುವವನೂ ಅಲ್ಲ, ಕುಡಿಯುವವನೂ ಅಲ್ಲ, ಸೋಫಾದಿಂದ ಏಳುವವನೂ ಅಲ್ಲ. ಬಂದವಳು ಸುಮ್ಮನೆ ಕೂರಲಿಲ್ಲ. ಮೇಲಿನ ಎರಡು ಕೋಣೆಗೆ ಸುಣ್ಣ ಹೊಡೆಸಿ ಪ್ರವಾಸಿಗಳಿಗೆ ಬಾಡಿಗೆಗೆ ಬಿಟ್ಟಳು. ಕೋಣೆ ಕೊಡುವವರು ಊರ ತುಂಬ ಇದ್ದಾರೆ. ಹಗಲು ಮಕ್ಕಳುಮರಿ ಕರೆದುಕೊಂಡು ಎಲ್ಲಿ ಹೋಗಬೇಕು, ಕತ್ತಲಾದ ಮೇಲೆ ದೊಡ್ಡವರು ಎಲ್ಲಿ ಕೂರಬೇಕು ಎಂದು ಹೇಳಿ, ಜೊತೆಗೇ ಹೋಗಿ ತೋರಿಸುವವರು ಕಡಿಮೆ. ಅದನ್ನೇ ಕಸುಬು ಮಾಡಿಕೊಳ್ಳುತ್ತೇನೆ ಎಂದು ಈಗ ಪಟ್ಟು ಹಿಡಿದಿದ್ದಳು.

ರಾಸಿಮನ ತಲೆಯಲ್ಲಿ ಇದ್ದದ್ದು ಬೇರೆ. ಎನ್ವೆರ್ ಎಂಬುವನೊಬ್ಬ ಆಸ್ಟ್ರಿಯಾದಲ್ಲಿ ಟೈಲ್ಸ್ ಅಂಗಡಿ ನಡೆಸಿ, ಹೆಂಡತಿಯನ್ನು ಕಳೆದುಕೊಂಡು, ಇನ್ನು ಹುಟ್ಟೂರಲ್ಲಿ ನೆಲೆಸೋಣ ಎಂದು ಹೆಣ್ಣು ಹುಡುಕುತ್ತಿದ್ದ. ಹತ್ತು ವರ್ಷದ ಹುಡುಗನಾಗಿದ್ದಾಗ ಊರು ಬಿಟ್ಟವನು. ಅವನ ವಿಷಯ ಎತ್ತಿದಾಗಲೆಲ್ಲ ರಾಸಿಮ್ ಅವನ ಹೆಸರಿಗಿಂತ ಮುಂಚೆ ಅವನ ಕಾರಿನ ಹೆಸರು ಹೇಳುತ್ತಿದ್ದ.

"ಈ ಬೇಸಿಗೆ ಒಂದು ನೋಡ್ತೀನಿ," ಎಂದ ಕೊನೆಗೆ. "ಒಂದೇ ಒಂದು ರಗಳೆ ಆಯ್ತೋ, ಅಂಗಡಿ ಮುಚ್ಚಿ ಎನ್ವೆರ್ ಎದುರು ಕೂತು ಕಾಫಿ ಕುಡೀಬೇಕು. ಒಪ್ಪಿಗೆನಾ?"

"ಒಪ್ಪಿಗೆ. ರಾತ್ರಿನೂ ಸೇರಿ ತಾನೆ?"

"ರಾತ್ರಿ ಒಬ್ಬಳೇ ಹೋಗೋ ಹಾಗಿಲ್ಲ."

ಆಗ ವಾಹಿದಾ, ಅಂದರೆ ಹುಡುಗಿಯ ತಾಯಿ, ತಟ್ಟೆ ಎತ್ತುತ್ತಾ ತಣ್ಣಗೆ ಹೇಳಿದಳು: "ಅತ್ತೆ ಹೋಗ್ಲಿ ಜೊತೆಗೆ."

ಒಲೆಯ ಪಕ್ಕದ ದಿವಾನದ ಮೇಲೆ ಸಕ್ಕರೆ ಉಂಡೆ ಚೀಪುತ್ತಾ ಕೂತಿದ್ದ ಷೆಫಿಕಾ ಅಜ್ಜಿ ತಲೆ ಎತ್ತಿದಳು. ರಾಸಿಮನ ತಾಯಿ, ಎಂಬತ್ತು ದಾಟಿದವಳು, ಮೊಹಲ್ಲಾದ ಶಾಲೆಯಲ್ಲಿ ಜೀವಮಾನವಿಡೀ ಅಡುಗೆ ಮಾಡಿದವಳು.

"ಎಲ್ಲಿಗೆ?"

"ಕಫಾನಾಗೆ ಅಜ್ಜಿ. ಹಾಡು ಕೇಳೋಕೆ."

"ಕುರ್ಚಿಗೆ ಒರಗು ಇರುತ್ತಾ?"

"ಇರುತ್ತೆ."

"ಹಾಗಾದ್ರೆ ಹೋಗ್ತೀನಿ," ಎಂದಳು ಅಜ್ಜಿ.

ಹಗಲಿನ ಕೆಲಸ ಹೂವೆತ್ತಿದ ಹಾಗೆ ನಡೆಯಿತು. ಮೆರ್ಸಿಹಾ ಪ್ರವಾಸಿ ಕುಟುಂಬಗಳನ್ನು ಕೇಬಲ್ ಕಾರು ಹತ್ತಿಸಿ ಗುಡ್ಡದ ಮೇಲೆ ಬಿಡುತ್ತಿದ್ದಳು, ಚೌಕದ ಕಾರಂಜಿಯ ಹತ್ತಿರ ಪಾರಿವಾಳಕ್ಕೆ ಕಾಳು ಹಾಕಿಸುತ್ತಿದ್ದಳು, ನದಿ ಹುಟ್ಟುವ ಜಾಗಕ್ಕೆ ಕುದುರೆ ಗಾಡಿಯಲ್ಲಿ ಕಳಿಸುತ್ತಿದ್ದಳು. ಮಳೆ ಬಂದರೆ ವಾಹಿದಾಳ ಅಡುಗೆಮನೆ. ಅವಳು ಒಳಗೆ ಸೊಪ್ಪೋ ಮಾಂಸವೋ ತುಂಬಿ ಬೇಯಿಸುವ ಪಿತಾ ಮಾಡಲು ಹಿಟ್ಟನ್ನು ಮೇಜಿನಿಂದ ಆಚೆ ಇಳಿಬೀಳುವ ತನಕ ತೆಳ್ಳಗೆ ಎಳೆಯುವುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿ, ಆಮೇಲೆ ತಾವೂ ಎಳೆದು, ಹರಿದು, ಹರಿದದ್ದನ್ನು ಹಸಿಯಾಗಿಯೇ ತಿನ್ನುತ್ತಿದ್ದರು. "ಹೊಟ್ಟೆ ನೋವು ಬಂದ್ರೆ ನಾನ್ ಜವಾಬ್ದಾರಳಲ್ಲ," ಎಂದು ವಾಹಿದಾ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದಳು. ಮಕ್ಕಳು ಜರ್ಮನಿನಲ್ಲೋ ಪೋಲಿಷಿನಲ್ಲೋ ತಲೆ ಆಡಿಸುತ್ತಿದ್ದರು.

ಎಲ್ಲಕ್ಕಿಂತ ತಮಾಷೆ ಎಂದರೆ ರಾಸಿಮ್. ಅವನು ನಿವೃತ್ತ ಟ್ರಾಮ್ ಚಾಲಕ. ಒಂದು ದಿನ ಮೆರ್ಸಿಹಾಗೆ ತಲೆನೋವು ಬಂದು ಮಕ್ಕಳ ಗುಂಪೊಂದನ್ನು ಇವನೇ ಟ್ರಾಮಿನಲ್ಲಿ ಕರೆದುಕೊಂಡು ಹೋದ. ಮರುದಿನ ಅವಳಿಗೆ ತಲೆನೋವು ಇರಲಿಲ್ಲ, ಇವನು ಆದರೂ ಹೋದ. ಆಮೇಲೆ ದಿನಾ ಬೆಳಿಗ್ಗೆ ಹಳೆಯ ಕೆಲಸದ ಕೋಟಿಗೆ ಇಸ್ತ್ರಿ ಬಿತ್ತು. ಚಾಲಕನ ಬೆನ್ನ ಹಿಂದೆಯೇ ನಿಂತು, "ನೋಡಿ ಮಕ್ಕಳಾ, ಬ್ರೇಕು ಹೀಗೆ ಹಾಕ್ಬಾರದು," ಎಂದು ಪಾಠ ಮಾಡುತ್ತಾನೆಂದು ಚಾಲಕರೇ ನನ್ನ ಹತ್ತಿರ ದೂರು ಹೇಳಿದರು.

"ಅಪ್ಪ ನಮ್ಮ ಕಂಪನಿ ಸೇರಿದ್ದಾರೆ, ಮುನಿರಕ್ಕ," ಎಂದು ಮೆರ್ಸಿಹಾ ಕಣ್ಣು ಮಿಟುಕಿಸಿದಳು.

"ಸೇರಿಲ್ಲ," ಎಂದ ರಾಸಿಮ್. "ಮಕ್ಕಳು ಕಳೆದುಹೋಗ್ಬಾರ್ದು ಅಂತ ನೋಡ್ಕೋತಿದೀನಿ ಅಷ್ಟೇ."

ಜೂನ್ ಕೊನೆಗೆ ಲೈಪ್‌ಜಿಗ್‌ನಿಂದ ಗುದ್ರುನ್ ಎಂಬ ಶಾಲಾ ಉಪಾಧ್ಯಾಯಿನಿ ಬಂದಿಳಿದಳು. ಜೊತೆಗೆ ಅವಳ ಮಾತಿಗೆ ಹೂಂ ಅನ್ನುವ ಗಂಡ, ಇನ್ನೂ ಶಾಲೆಗೆ ಸೇರದ ಮಗಳು ಲೋಟೆ. ವಾರಕ್ಕೆಂದು ಬಂದವರು ರಜೆ ಮುಗಿಯುವ ತನಕ ಉಳಿದರು. ಗುದ್ರುನ್ ಯಾವುದನ್ನೂ ಸುಮ್ಮನೆ ನೋಡುವವಳಲ್ಲ. ಚಪ್ಪಲಿ ಎಲ್ಲಿ ಬಿಡಬೇಕು, ಬ್ರೆಡ್ಡು ಮುರಿಯಬೇಕೋ ಕೊಯ್ಯಬೇಕೋ, ಹಿರಿಯರು ಒಳಗೆ ಬಂದರೆ ಏಳಬೇಕೋ ಎಂದು ಕೇಳಿ ಕೇಳಿ ಕಲಿಯುವವಳು. ಲೋಟೆಗೂ ಒಂದು ಆಟ ಸಿಕ್ಕಿತು. ನಮ್ಮಲ್ಲಿ ಅತಿಥಿಗಳು ಬಿಟ್ಟ ಶೂಗಳನ್ನು ಮನೆಯವರು ಬಾಗಿಲ ಕಡೆ ಮುಖ ಮಾಡಿ ತಿರುಗಿಸಿ ಇಡುತ್ತಾರೆ, ಹೊರಡುವಾಗ ಬಗ್ಗಿ ಒದ್ದಾಡದೆ ಕಾಲು ತೂರಿಸಲಿ ಎಂದು. ವಾಹಿದಾ ಹಾಗೆ ಮಾಡುವುದನ್ನು ಒಮ್ಮೆ ಕಂಡ ಆ ಮಗು, ಅಂದಿನಿಂದ ಯಾರ ಶೂಗಳನ್ನೂ ಬಿಡಲಿಲ್ಲ.

ರಾತ್ರಿಯ ಮೊದಲ ಸವಾರಿಗೆ ಮಗಳನ್ನು ವಾಹಿದಾಳ ಹತ್ತಿರ ಬಿಟ್ಟ ಗುದ್ರುನ್ ದಂಪತಿ, ಇಬ್ಬರು ಪೋಲಿಷ್ ಹುಡುಗರು, ಮೆರ್ಸಿಹಾ, ಷೆಫಿಕಾ ಅಜ್ಜಿ ಹೊರಟರು. ನಾನೂ ಹೋದೆ. ನನ್ನನ್ನು ಯಾರೂ ಕರೆಯಲಿಲ್ಲ, ಆದರೆ ಮೊಹಲ್ಲಾ ಏನನ್ನುತ್ತೆ ಎಂದು ಕೇಳುವವರಿಗೆ ಮೊಹಲ್ಲಾ ಕಣ್ಣಾರೆ ನೋಡಿ ಹೇಳಬೇಡವೇ? ಅಜ್ಜಿ ಸೆಖೆಯಲ್ಲೂ ಒಳ್ಳೆಯ ಉಣ್ಣೆ ಕೋಟು ತೊಟ್ಟಿದ್ದಳು. ಕೈಚೀಲದಲ್ಲಿ ತನ್ನದೇ ಸಕ್ಕರೆ ಉಂಡೆ ಇತ್ತು, ಅಂಗಡಿಯವರ ಸಕ್ಕರೆಯ ಮೇಲೆ ಅವಳಿಗೆ ನಂಬಿಕೆ ಇಲ್ಲ.

ನಮ್ಮ ಗಲ್ಲಿಯ ಕೆಳಗೇ ಊಟ, ಕಾಫಿ, ಹಾಡು ಎಲ್ಲ ಸಿಗುವ ಸೆನಾದ್‌ನ ಕಫಾನಾ. ಅಕಾರ್ಡಿಯನ್ ನುಡಿಸುವವನಿದ್ದ, ಹಾಡುವವಳಿದ್ದಳು, ಎಲ್ಲ ಮೇಜೂ ತುಂಬಿತ್ತು. ಮೊಹಲ್ಲಾದ ಗಂಡಸರು ಷೆಫಿಕಾ ಅಜ್ಜಿಯನ್ನು ಕಂಡ ಕೂಡಲೇ ಸಿಗರೇಟನ್ನು ಮೇಜಿನ ಕೆಳಗೆ ಇಳಿಸಿದರು. ಐವತ್ತು ದಾಟಿದವರು ಅವರು, ಆದರೂ ಅವಳ ಕೈಯಿಂದ ಶಾಲೆಯಲ್ಲಿ ಸೂಪು ಬಡಿಸಿಕೊಂಡವರು. ಹಾಡು ಸೊಗಸಾಗಿತ್ತು. ಗುದ್ರುನ್ ಅರ್ಥ ಕೇಳುತ್ತಿದ್ದಳು, ಮೆರ್ಸಿಹಾ ಹೇಳುತ್ತಿದ್ದಳು, ಪೋಲಿಷ್ ಹುಡುಗರಲ್ಲಿ ಒಬ್ಬ ಅತ್ತ. ಅಂಥ ಒಳ್ಳೆಯ ಸಂಜೆ ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಒಂಬತ್ತೂವರೆಯ ಹೊತ್ತಿಗೆ ಅಜ್ಜಿಗೆ ಮೊಣಕಾಲು ನೋಯತೊಡಗಿತು. ಅವಳು ಮಾಣಿಯನ್ನು ಕರೆದು ಏನೋ ಹೇಳಿದಳು. ನಾನು ಮೆರ್ಸಿಹಾ ಜೊತೆ ಮಾತಲ್ಲಿದ್ದೆ, ಗಮನಿಸಲಿಲ್ಲ. ನೋಡುವಷ್ಟರಲ್ಲಿ ಪ್ರತಿ ಮೇಜಿಗೂ ಪುಟ್ಟ ಬಟ್ಟಲುಗಳಲ್ಲಿ ಕಾಫಿ ಹೋಗುತ್ತಿತ್ತು, ಪಕ್ಕದಲ್ಲಿ ಲೊಕುಮ್ ಇಲ್ಲದೆ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲ ಕಾಫಿ ಬಂದದ್ದಕ್ಕೆ, ಎರಡನೆಯದು ಮಾತಿಗೆ. ಮೂರನೆಯದು ಬಂತೆಂದರೆ ಎದ್ದು ಹೊರಡಬೇಕು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಹೇಳಿದರೆ ಜನ್ಮದ ಜಗಳ. ಷೆಫಿಕಾ ಅಜ್ಜಿ ಮೊದಲ ಎರಡಕ್ಕೆ ಪಕ್ಕದಲ್ಲಿ ಲೊಕುಮ್ ಸಿಹಿ ಇಡುತ್ತಾಳೆ, ಮೂರನೆಯದಕ್ಕೆ ಇಡುವುದಿಲ್ಲ. ಇದು ಇಡೀ ಮೊಹಲ್ಲಾಗೆ ಗೊತ್ತು.

"ಯಾರು ಕಳಿಸಿದ್ದು?" ಎಂದು ಪಕ್ಕದ ಮೇಜಿನ ಕಟುಕರ ಹಸನ್ ಕೇಳಿದ. ಮಾಣಿ ಅಜ್ಜಿಯ ಕಡೆ ಕೈ ತೋರಿಸಿದ. ಹಸನ್ ಬಟ್ಟಲು ನೋಡಿದ, ಅಜ್ಜಿಯನ್ನು ನೋಡಿದ, ಒಂದೇ ಗುಟುಕಿಗೆ ಕುಡಿದು ಎದ್ದುನಿಂತ. "ಬರ್ತೀವಿ ಷೆಫಿಕಮ್ಮ, ಆರೋಗ್ಯ ನೋಡ್ಕೊಳ್ಳಿ." ಅವನ ಹಿಂದೆ ಅವನ ಮೇಜು, ಅದರ ಹಿಂದೆ ಕಿಟಕಿಯ ಪಕ್ಕದ ಮೇಜು. ಅಕಾರ್ಡಿಯನ್ನಿನವನೂ ನಮ್ಮ ಶಾಲೆಯವನೇ. ಹಾಡಿನ ಮಧ್ಯದಲ್ಲೇ ಪೆಟ್ಟಿಗೆ ಮುಚ್ಚಿದ. ಸೆನಾದ್ ಅಡುಗೆಮನೆಯಿಂದ ಕಬಾಬಿನ ತಟ್ಟೆಗಳನ್ನು ಎತ್ತಿಕೊಂಡು ಹೊರಗೆ ಬರುವಾಗ ಕಫಾನಾದಲ್ಲಿ ನಾವು ಮಾತ್ರ ಇದ್ದೆವು.

"ಏನಾಯ್ತು? ಯಾರಾದ್ರೂ ಸತ್ರಾ?" ಎಂದ.

"ಹೊತ್ತಾಯ್ತಲ್ಲಪ್ಪ," ಎಂದಳು ಅಜ್ಜಿ. "ನಾಳೆ ಅವರಿಗೂ ಕೆಲಸ ಇರುತ್ತೆ."

ಬೆಳಿಗ್ಗೆ ಸೆನಾದ್ ರಾಸಿಮನ ಬಾಗಿಲಿಗೆ ಬಂದ. ವಾಹಿದಾ ಅವನಿಗೆ ಕಾಫಿ ಕೊಟ್ಟಳು, ಲೊಕುಮ್ ಸಮೇತ. ಅವನು ಮೊದಲು ಲೊಕುಮ್ ಇದೆಯೇ ಎಂದು ನೋಡಿಕೊಂಡೇ ಕೂತ.

"ರಾಸಿಮ್, ನಿಮ್ಮಮ್ಮ ನನಗೂ ಅಮ್ಮ ಇದ್ದ ಹಾಗೆ. ಆದ್ರೆ ನಿನ್ನೆ ರಾತ್ರಿ ವ್ಯಾಪಾರ ಪೂರ್ತಿ ಮನೆಗೆ ಕಳಿಸ್ಬಿಟ್ರು. ನಾನೇನು ಮಾಡ್ಲಿ ಹೇಳು."

ಅವನು ಹೋದ ಮೇಲೆ ರಾಸಿಮ್ ಮಗಳನ್ನು ಕರೆದ. "ರಗಳೆ ಅಂದಿದ್ನಲ್ಲ, ಇದೇ. ಮುಗೀತು. ಭಾನುವಾರ ಎನ್ವೆರ್ ಬರ್ತಾನೆ."

"ರಗಳೆ ಮಾಡಿದ್ದು ನಾನಾ? ನಿಮ್ಮಮ್ಮ. ಅಜ್ಜಿನ ಕಟ್ಟಿ ಕಳಿಸಿದ್ದು ನೀವೇ."

"ನನ್ನ ಕಾಲು ನೋಯ್ತಿತ್ತು," ಎಂದಳು ಅಜ್ಜಿ ದಿವಾನದಿಂದ.

"ಮೊಹಲ್ಲಾ ಪೂರ್ತಿ ನಗ್ತಿದೆ," ಎಂದ ರಾಸಿಮ್. ಅದು ನಿಜ. ನಾನೇ ಬೇಕರಿಯಲ್ಲಿ, ತರಕಾರಿಯವನ ಹತ್ತಿರ, ಮಸೀದಿಯ ನಲ್ಲಿಯ ಹತ್ತಿರ ಹೇಳಿ ನಗಿಸಿದ್ದೆ. ಒಳ್ಳೆಯ ಕತೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬದುಕುವುದು ನನ್ನಿಂದಾಗದು.

ಮೆರ್ಸಿಹಾ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಎಸೆದಳು. "ಅಪ್ಪ, ಒಂದ್ ಮಾತು ಕೇಳ್ತೀನಿ, ಬಿಡಿಸಿ ಹೇಳಿ. ನಾನು ಈ ಮನೆಯವಳಾ, ಅತಿಥಿನಾ? ಎರಡು ವರ್ಷದಿಂದ ನೀವು ನನ್ನ ಬಾಗಿಲ ಕಡೆ ಮುಖ ಮಾಡಿ ಇಡ್ತಿದೀರ, ಆ ಶೂಗಳ ಹಾಗೆ."

ರಾಸಿಮ್ ಕಿಟಕಿಯ ಆಚೆ ನೋಡಿದ. ನನಗೆ ಅವತ್ತು ನಗು ಬರಲಿಲ್ಲ.

ಆ ವಾರ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ರಾತ್ರಿ ಸವಾರಿ ನಿಂತಿತು. ಪೋಲಿಷ್ ಹುಡುಗರು ಬೇರೆ ಕಡೆ ಹೋದರು. ಗುದ್ರುನ್ ಮಾತ್ರ ಕಫಾನಾ ಯಾಕೆ ಖಾಲಿಯಾಯಿತು ಎಂದು ತಿಳಿಯದೆ ಬಿಡಲಿಲ್ಲ. ಮೆರ್ಸಿಹಾ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ಮೂರು ಕಾಫಿಯ ಪಾಠ ಹೇಳಿದಳು. ಮರುದಿನದಿಂದ ಗಂಡ ಊಟದ ಮೇಜಿನಲ್ಲಿ ಜಾಸ್ತಿ ಹೊತ್ತು ಕೂತರೆ ಗುದ್ರುನ್ ಅವನ ಮುಂದೆ ಖಾಲಿ ಬಟ್ಟಲು ಇಡುತ್ತಿದ್ದಳು. ಅವನು ಎದ್ದು ಹೋಗುತ್ತಿದ್ದ. ಅಂಥ ಗಂಡ ನನಗೂ ಇದ್ದಿದ್ದರೆ ಎಂದುಕೊಂಡೆ.

ಭಾನುವಾರ ಎನ್ವೆರ್ ತನ್ನ ಅಕ್ಕನೊಂದಿಗೆ ಬಂದ. ಅಕ್ಕನೂ ಆಸ್ಟ್ರಿಯಾದಲ್ಲೇ ಬೆಳೆದವಳು. ವಾಹಿದಾ ಸೊಪ್ಪಿನ ಪಿತಾ, ಮಾಂಸದ ಪಿತಾ ಎರಡೂ ಮಾಡಿದ್ದಳು. ಮೆರ್ಸಿಹಾ ಬೂದು ಬಣ್ಣದ ಅಂಗಿ ತೊಟ್ಟು, ಮೊದಲ ಕಾಫಿ ತಂದಿಟ್ಟು, ಅಪ್ಪನ ಪಕ್ಕದಲ್ಲಿ ಕೂತಳು. ನಾನು ಮೂಲೆಯ ಸ್ಟೂಲಿನಲ್ಲಿದ್ದೆ. ಎನ್ವೆರ್ ಕೆಟ್ಟ ಮನುಷ್ಯನಲ್ಲ, ಇದನ್ನು ಹೇಳಲೇಬೇಕು. ಬರುವಾಗ ಅಜ್ಜಿಗೆ ಚಾಕಲೇಟು ತಂದಿದ್ದ. ಆದರೆ ಬಾಯಿ ತೆರೆದರೆ ಮುಚ್ಚುವ ಅಭ್ಯಾಸ ಇರಲಿಲ್ಲ.

"ಈ ನೆಲ ಕಿತ್ತು ಟೈಲ್ಸ್ ಹಾಕ್ಬೇಕು, ರಾಸಿಮ್ ಅವರೇ. ಕೆಳಗಿಂದ ಬಿಸಿ ಬರೋ ಥರ."

"ಹೂಂ," ಎಂದ ರಾಸಿಮ್.

"ಮೇಲಿನ ರೂಮು ಎರಡನ್ನೂ ಒಂದು ಮಾಡಿದ್ರೆ ನನಗೆ ಗೋಡೌನ್ ಆಗುತ್ತೆ. ಟೂರಿಸ್ಟುಗಳ ಕೆಲಸ ನಿಲ್ಲಿಸ್ಬಿಡೋಣ. ಹೆಂಗಸಿಗೆ ಮನೆ ಇರೋವಾಗ ಬೀದಿ ಯಾಕೆ?"

ಎರಡನೆಯ ಕಾಫಿ ಬಂತು, ಲೊಕುಮ್ ಜೊತೆ. ಮೆರ್ಸಿಹಾ ತನ್ನ ಕೈಬೆರಳು ನೋಡಿಕೊಳ್ಳುತ್ತಿದ್ದಳು.

"ಅಜ್ಜಿಗೆ ಹಿಂದಿನ ಕೋಣೆ ಸಾಕಲ್ವಾ? ಇಲ್ಲಿ ಒಲೆ ತೆಗೆದ್ರೆ ಎಷ್ಟೊಂದು ಜಾಗ," ಎಂದಳು ಅಕ್ಕ.

ಅಜ್ಜಿ ಸಕ್ಕರೆ ಉಂಡೆ ಚೀಪುವುದನ್ನು ನಿಲ್ಲಿಸಿದಳು.

"ಊರೂ ಹಾಗೇ," ಎಂದು ಎನ್ವೆರ್ ಮುಂದುವರಿಸಿದ. "ಆ ಟ್ರಾಮು ಇದೆಯಲ್ಲ, ಹಳೇ ಕಬ್ಬಿಣ. ಕಿತ್ತು ಬಿಸಾಕ್ಬೇಕು. ನಾನು ಬರೋವಾಗ ಅಡ್ಡ ನಿಂತು ಸತಾಯಿಸ್ತು."

ಟ್ರಾಮನ್ನು ಬೈದವನನ್ನು ರಾಸಿಮ್ ಇಷ್ಟು ವರ್ಷದಲ್ಲಿ ಮನೆಯೊಳಗೆ ಕೂರಿಸಿಕೊಂಡದ್ದು ನಾನು ಕಂಡಿಲ್ಲ. ಅವನ ಕಿವಿ ಕೆಂಪಾಯಿತು. ಅಡುಗೆಮನೆಯಿಂದ ಕಾಫಿ ಬೀಜ ಬೀಸುವ ಸದ್ದು ಕೇಳಿಸಿತು. ಅಜ್ಜಿ ಯಾವಾಗ ಎದ್ದು ಹೋಗಿದ್ದಳೋ ನಾನು ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ತಟ್ಟೆ ಹಿಡಿದು ಬಂದು ಎನ್ವೆರ್ ಮುಂದೆ ಒಂದು, ಅವನ ಅಕ್ಕನ ಮುಂದೆ ಒಂದು ಬಟ್ಟಲು ಇಟ್ಟಳು. ಲೊಕುಮ್ ಇರಲಿಲ್ಲ.

ವಾಹಿದಾ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಳು. ಕೊಟ್ಟ ಕಾಫಿ ವಾಪಸು ತೆಗೆದುಕೊಳ್ಳುವಂತಿಲ್ಲ. ನಾನು ರಾಸಿಮನ ಮುಖ ನೋಡಿದೆ.

ಎನ್ವೆರ್ ಕುಡಿದು ಬಟ್ಟಲು ಇಟ್ಟ. "ಆಹಾ. ಇಂಥ ಕಾಫಿ ಅಲ್ಲಿ ಸಿಗಲ್ಲ. ಸಿಹಿ ಮುಗೀತೇನೋ, ಪರವಾಗಿಲ್ಲ. ಇನ್ನೊಂದು ಕೊಡ್ತೀರಾ ಅಜ್ಜಿ?"

ಅಜ್ಜಿ ಮಗನನ್ನು ನೋಡಿದಳು. ರಾಸಿಮ್ ನಿಧಾನವಾಗಿ, "ಕೊಡಮ್ಮ," ಎಂದ. "ಇವರಿಗೆ ಅದನ್ನೇ ಇನ್ನೊಂದು ಕೊಡು."

ಮೆರ್ಸಿಹಾ ತಟ್ಟನೆ ತಲೆ ಎತ್ತಿದಳು.

ಇನ್ನೊಂದು ಬಂತು. ಅದನ್ನೂ ಕುಡಿದು ಎನ್ವೆರ್ ಚಾವಣಿಯ ವಿಷಯ ಎತ್ತಿದ. ಅಷ್ಟರಲ್ಲಿ ನದಿ ಹುಟ್ಟುವ ಜಾಗಕ್ಕೆ ಹೋಗಿದ್ದ ಗುದ್ರುನ್ ಕುಟುಂಬ ವಾಪಸು ಬಂತು. ಮನೆ ತುಂಬ ಜನರಿದ್ದಾರೆಂದು ಬಾಗಿಲಲ್ಲೇ ನಿಂತವರನ್ನು ವಾಹಿದಾ ಕರೆದು ಕೂರಿಸಿದಳು. ಗುದ್ರುನ್ ಕೂತವಳು ತಟ್ಟೆ ನೋಡಿದಳು. ಲೊಕುಮ್ ಇಲ್ಲದ ಬಟ್ಟಲುಗಳನ್ನು ನೋಡಿದಳು. ಗಂಡನಿಗೆ ಮೊಣಕೈಯಿಂದ ತಿವಿದು ಎದ್ದೇಬಿಟ್ಟಳು.

"ಕಾಫಿಗೆ ಧನ್ಯವಾದ. ಹೊರಡುತ್ತೇವೆ. ಆರೋಗ್ಯ ನೋಡಿಕೊಳ್ಳಿ," ಎಂದಳು ನಮ್ಮ ಭಾಷೆಯಲ್ಲಿ, ಒಂದೊಂದೇ ಪದ ಜೋಡಿಸಿ. ಮೇಲಿನ ಕೋಣೆಗೆ ತಾನೆ ಹೋಗಬೇಕಾದವಳು. ಆದರೂ ಶಾಸ್ತ್ರ ಬಿಡಲಿಲ್ಲ.

ಎನ್ವೆರ್ ಕದಲದ್ದು ಕಂಡು ಅವಳಿಗೆ ಕನಿಕರವಾಯಿತು. ತರಗತಿಯಲ್ಲಿ ಹಿಂದುಳಿದ ಹುಡುಗನ ಮುಂದೆ ಬಗ್ಗುವ ಹಾಗೆ ಬಗ್ಗಿ, ಜರ್ಮನಿನಲ್ಲಿ ಮೃದುವಾಗಿ ಏನೋ ವಿವರಿಸಿದಳು. ಮೊದಲ ಬೆರಳು ತೋರಿಸಿದಳು, ಎರಡನೆಯದು ತೋರಿಸಿದಳು, ಮೂರನೆಯದು ತೋರಿಸಿ ಬಾಗಿಲ ಕಡೆ ಕೈ ಮಾಡಿದಳು. "ನೀವು ಹೊರಗಿಂದ ಬಂದವರು, ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೂ ಮೊದಲು ಗೊತ್ತಿರಲಿಲ್ಲ," ಎಂದಳಂತೆ. ಮೆರ್ಸಿಹಾ ಆಮೇಲೆ ಹೇಳಿದ್ದು.

ಎನ್ವೆರ್ ತನ್ನ ಮುಂದಿನ ಎರಡು ಖಾಲಿ ಬಟ್ಟಲುಗಳನ್ನು ನೋಡಿದ. ಕುತ್ತಿಗೆಯಿಂದ ಮೇಲಕ್ಕೆ ಬಣ್ಣ ಏರಿತು. ಅಕ್ಕನ ಕೈ ಹಿಡಿದು ಎದ್ದ. ಹಜಾರದಲ್ಲಿ ಅವರ ಶೂಗಳು ಬಾಗಿಲ ಕಡೆ ಮುಖ ಮಾಡಿ ಜೋಡಿಯಾಗಿ ಕಾಯುತ್ತಿದ್ದವು. ಪಕ್ಕದಲ್ಲಿ ಲೋಟೆ ಕೈ ಕಟ್ಟಿಕೊಂಡು ಹೆಮ್ಮೆಯಿಂದ ನಿಂತಿದ್ದಳು.

ಕಾರಿನ ಸದ್ದು ಇಳಿಜಾರಿನಲ್ಲಿ ಕರಗಿತು. ಜರ್ಮನ್ನರು ಮೆಟ್ಟಿಲು ಹತ್ತಿ ಹೋಗಿದ್ದರು. ಎನ್ವೆರನ ಅಕ್ಕ ಮುಟ್ಟದೇ ಬಿಟ್ಟ ಬಟ್ಟಲು ಅಲ್ಲೇ ಉಳಿದಿತ್ತು. ಮೆರ್ಸಿಹಾ ಸುಸ್ತಾಗಿದ್ದಳು, ಕೈ ಚಾಚಿ ಅದನ್ನು ಎತ್ತಿಕೊಂಡಳು. ರಾಸಿಮ್ ಅವಳ ಕೈಯಿಂದ ಅದನ್ನು ಕಿತ್ತುಕೊಂಡ.

"ಅದು ನಿನಗಲ್ಲ," ಎಂದ. ಕಿಟಕಿಯ ಹತ್ತಿರ ಹೋಗಿ ಹೂವಿನ ಕುಂಡಕ್ಕೆ ಸುರಿದ. ಬೆನ್ನು ತಿರುಗಿಸಿಕೊಂಡೇ ಮುಂದುವರಿಸಿದ. "ಅದು ಅತಿಥಿಗಳಿಗೆ. ನಿನಗೆ ಅಮ್ಮ ಬೇರೆ ಮಾಡ್ತಾಳೆ."

ಮೆರ್ಸಿಹಾ ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ. ವಾಹಿದಾ ಮೂಗು ಸೀಟಿದಳು.

"ಇವತ್ತು ಸಂಜೆ ಎಷ್ಟು ಹೊತ್ತಿಗೆ ಹೊರಡೋದು?" ಎಂದ ರಾಸಿಮ್.

"ಎಲ್ಲಿಗಪ್ಪ?"

"ಆ ಸೆನಾದ್‌ನ ಹತ್ತಿರ. ಗುದ್ರುನ್ ಅವರು ಹಾಡು ಪೂರ್ತಿ ಕೇಳ್ಲಿಲ್ಲವಲ್ಲ. ನಾನು ಬರ್ತೀನಿ. ಅಮ್ಮ ಮನೇಲಿರ್ಲಿ."

"ನನ್ನ ಕಾಲಿಗೂ ಅದೇ ಒಳ್ಳೇದು," ಎಂದಳು ಅಜ್ಜಿ, ಅಡುಗೆಮನೆಗೆ ಹೋಗುತ್ತಾ.

ರಾಸಿಮ್ ಗೂಟದಲ್ಲಿದ್ದ ಟ್ರಾಮಿನ ಕೋಟು ತೆಗೆದುಕೊಂಡ. ಒಂದು ತೋಳು ತೂರಿಸಿದವನು ಅಲ್ಲೇ ನಿಂತ. ಹಳೆಯ ಭಯ ಅಷ್ಟು ಸುಲಭವಾಗಿ ಬಿಡುತ್ತದೆಯೇ. "ಆದ್ರೂ," ಎಂದ, "ಇದಕ್ಕೆಲ್ಲ ಮೊಹಲ್ಲಾ ಏನನ್ನುತ್ತೋ."

ಮೂವರೂ ನನ್ನ ಕಡೆ ತಿರುಗಿದರು. ನನಗೆ ಹೇಳಲು ಬೇಕಾದಷ್ಟಿತ್ತು. ಎನ್ವೆರನ ಬಗ್ಗೆ, ಅವನ ಅಕ್ಕನ ಬಗ್ಗೆ, ಮೊದಲು ಬೇಕರಿಗೆ ಹೋಗಬೇಕೋ ಹಸನ್‌ನ ಅಂಗಡಿಗೋ ಎಂಬುದೂ ತಲೆಯಲ್ಲಿ ಓಡುತ್ತಿತ್ತು. ಬಾಯಿ ತೆರೆದೆ.

ಅಷ್ಟರಲ್ಲಿ ಷೆಫಿಕಾ ಅಜ್ಜಿ ಅಡುಗೆಮನೆಯಿಂದ ಕುಂಟುತ್ತಾ ಬಂದು ನನ್ನ ಸ್ಟೂಲಿನ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು ಇಟ್ಟಳು. ಕಾಫಿ ಬಿಸಿಯಾಗಿತ್ತು. ನಾನು ಬಟ್ಟಲಿನ ಈ ಪಕ್ಕ ನೋಡಿದೆ, ಆ ಪಕ್ಕವೂ ನೋಡಿದೆ. ಲೊಕುಮ್ ಇರಲಿಲ್ಲ.

ಕುಡಿದು ಎದ್ದೆ. ಹಜಾರದಲ್ಲಿ ನನ್ನ ಚಪ್ಪಲಿಯನ್ನೂ ಲೋಟೆ ಆಗಲೇ ತಿರುಗಿಸಿ ಇಟ್ಟಿದ್ದಳು.